ಎಡಗೈ ಹೀರೋಗಳ ಕಾರ್ಡು

ನನ್ನ ಮೊದಲನೆಯ ಕಾರ್ಡಿಗೆ ಬಿದ್ದ ಬೆಲೆ, ಅವ್ವನ ಧಾರೆ ಸೀರೆಯ ರಟ್ಟಿನ ಡಬ್ಬಿಯ ಮುಚ್ಚಳ. ಮೇಲೆ ಬೆನ್ನಿಗೆ ಬಿದ್ದ ಗುದ್ದು ಬೇರೆ. ಅಗ್ಗವಾಯಿತು ಎಂದೇ ಈಗಲೂ ಹೇಳುತ್ತೇನೆ. ಬೇರೆ ದಾರಿಯೇ ಇರಲಿಲ್ಲ. ನೋಟ್‌ಬುಕ್ಕಿನ ರಟ್ಟು ಕಿತ್ತರೆ ಮೇಷ್ಟ್ರು ಹೊಡೆಯುತ್ತಿದ್ದರು. ಸಿಗರೇಟು ಪ್ಯಾಕು ಬಳಸೋಣವೆಂದರೆ ನಮ್ಮಪ್ಪ ಎಲೆಅಡಿಕೆಯ ಮನುಷ್ಯ. ಬೀದಿಯಲ್ಲಿ ಸಿಕ್ಕ ಪ್ಯಾಕುಗಳೋ, ಎರಡು ಕೈ ಬದಲಾಗುವುದರೊಳಗೆ ನಾಯಿಯ ಕಿವಿಯ ಹಾಗೆ ಮಡಚಿಕೊಳ್ಳುತ್ತಿದ್ದವು. ಮಡಚಿಕೊಂಡ ಹೀರೋನನ್ನು ಯಾರು ಕೊಳ್ಳುತ್ತಾರೆ? ಸೀರೆ ಡಬ್ಬಿಯ ಮುಚ್ಚಳ ಮಾತ್ರ ಗಟ್ಟಿ, ನುಣುಪು, ಒಳಗೆ ಬೆಳ್ಳಗೆ. ಅದನ್ನು ಕತ್ತರಿಸಿ ನಾನು ಮಾಡಿದ್ದು ಸಿನಿಮಾ ಕಾರ್ಡು. ಆಗ ಕಾಲೇಜು ಹುಡುಗ ಹುಡುಗಿಯರ ಪಿಕ್ಚರುಗಳ ಹುಚ್ಚು. ಅಂಗೈಯಗಲದ ರಟ್ಟಿನ ಮೇಲೆ ಒಬ್ಬೊಬ್ಬ ಪಾತ್ರಧಾರಿಯನ್ನು ಬರೆದು, ಬಣ್ಣ ಹಚ್ಚಿ, ಹಿಂದೆ ಅವನ ಗುಣ ಬರೆದು, ಕೇರಿಯ ಮಕ್ಕಳ ಜತೆ ಅದಲುಬದಲು ಮಾಡುವ ವ್ಯಾಪಾರ. ನಾವು ಅದಕ್ಕೆ ಕಾರ್ಡು ಎನ್ನುತ್ತಿದ್ದೆವು. ನಮ್ಮಜ್ಜಿ ಮಾತ್ರ ಕೊನೆಯವರೆಗೂ ಇಸ್ಪೀಟು ಎಂದೇ ಕರೆದಳು.

ನಮ್ಮ ಮನೆ ಹಿರಿಯೂರಿನಲ್ಲಿ, ಹೊಳೆಯ ಕಡೆಗೆ ಇಳಿಯುವ ಕೇರಿಯಲ್ಲಿತ್ತು. ಅಪ್ಪ ಕಂಬಳಿ ವ್ಯಾಪಾರಿ. ಹಳ್ಳಿಗಳಲ್ಲಿ ನೇಯ್ದವರಿಂದ ಕೊಂಡು ಹೊಸದುರ್ಗ, ಹೊಳಲ್ಕೆರೆ, ದುರ್ಗದ ಸಂತೆಗಳಲ್ಲಿ ಮಾರುತ್ತಿದ್ದ. ಪಡಸಾಲೆಯ ಅರ್ಧ ಭಾಗ ಕಂಬಳಿಗಳದ್ದು, ಉಳಿದರ್ಧ ನಮ್ಮದು. ಮಳೆಗಾಲದಲ್ಲಿ ಮನೆಗೆ ಮನೆಯೇ ಒದ್ದೆ ಕುರಿಯ ವಾಸನೆ ಹೊಡೆಯುತ್ತಿತ್ತು. ನೆಂಟರು ಮೂಗು ಮುಚ್ಚಿಕೊಳ್ಳುತ್ತಿದ್ದರು, ನಮಗೆ ಅದು ಮನೆಯ ವಾಸನೆ. ಅಜ್ಜಿ, ಅಂದರೆ ಅಪ್ಪನ ತಾಯಿ, ಬಾಗಿಲ ಪಕ್ಕದ ಜಗಲಿಯ ಮೇಲೆ ರಾಟೆ ಇಟ್ಟುಕೊಂಡು ಉಣ್ಣೆ ನೂಲುತ್ತಿದ್ದಳು. ಹಿತ್ತಿಲಲ್ಲಿ ಅವ್ವ ಹುಣಸೆಬೀಜ ಹುರಿದು, ಬೀಸಿ, ಕುದಿಸಿ ಸರಿ ಕಾಯಿಸುತ್ತಿದ್ದಳು. ಕಂಬಳಿ ಗಡುಸಾಗಲು ಹಚ್ಚುವ ಗಂಜಿ ಅದು. ನನ್ನ ಕಾರ್ಡಿನ ಅಂಟೂ ಅದೇ. ಅಂಥ ಅಂಟನ್ನು ನಾನು ಇವತ್ತಿನವರೆಗೆ ಯಾವ ಅಂಗಡಿಯಲ್ಲೂ ಕಂಡಿಲ್ಲ.

ಆ ಮನೆಯಲ್ಲಿ ನನಗಿದ್ದ ಒಂದೇ ಒಂದು ಕಷ್ಟವೆಂದರೆ ನನ್ನ ಎಡಗೈ. ನಾನು ಹುಟ್ಟಾ ಎಡಚಿ. ತುತ್ತು ಎತ್ತುವುದು, ಬಳಪ ಹಿಡಿಯುವುದು, ಬಾಗಿಲ ಅಗುಳಿ ತೆಗೆಯುವುದು, ಎಲ್ಲಕ್ಕೂ ಮುಂದೆ ಬರುತ್ತಿದ್ದದ್ದು ಅದೇ. ಪೂಜಾರಪ್ಪ ಕೊಟ್ಟ ಪ್ರಸಾದಕ್ಕೂ ಅದೇ ಚಾಚಿ ಗುಡಿಯಲ್ಲಿ ಅವ್ವನ ಮಾನ ಕಳೆದದ್ದುಂಟು. ಅಜ್ಜಿಗೆ ಇದೊಂದು ಕೊರಗಾಗಿತ್ತು. ಊಟಕ್ಕೆ ಕೂರುವ ಮುಂಚೆ ತಾನೇ ನೂತ ಕರಿ ಉಣ್ಣೆಯ ದಾರದಿಂದ ನನ್ನ ಎಡಗೈ ಮಣಿಕಟ್ಟನ್ನು ಲಂಗದ ಲಾಡಿಗೆ ಸೇರಿಸಿ ಗಂಟು ಹಾಕುತ್ತಿದ್ದಳು. ಗಟ್ಟಿ ಗಂಟಲ್ಲ, ಜಗ್ಗಿದರೆ ಕಿತ್ತು ಬರುವಂಥದ್ದು. ಚರ್ಮಕ್ಕೆ ಚುಚ್ಚದ ಹಾಗೆ ಒಳಗೊಂದು ಅರಿವೆ ಚೂರು ಸುತ್ತುತ್ತಿದ್ದಳು. ಆದರೂ ನಾನು ಯಾವತ್ತೂ ಜಗ್ಗಲಿಲ್ಲ. ಬಲಗೈಯಲ್ಲಿ ಮುದ್ದೆ ಮುರಿಯಲು ಬರುತ್ತಿರಲಿಲ್ಲ. ಹುರುಳಿ ಸಾರು ಮೊಣಕೈವರೆಗೆ ಇಳಿಯುತ್ತಿತ್ತು. ಉಳಿದವರೆಲ್ಲ ಉಂಡು ಎದ್ದ ಮೇಲೂ ನಾನು ತಟ್ಟೆಯ ಮುಂದೆ ಕೂತಿರುತ್ತಿದ್ದೆ, ಪಕ್ಕದಲ್ಲಿ ಅಜ್ಜಿ.

"ಇವತ್ತು ಅತ್ಕಂಡಾದ್ರೂ ಕಲಿ ನನ್ ಕೂಸೇ. ನಾಳೆ ಗಂಡನ ಮನೇಲಿ ಎಡಗೈಲಿ ಬಡಿಸಿದ್ರೆ ತಟ್ಟೆ ಎತ್ತಿ ಅಂಗಳಕ್ಕೆ ಒಗೀತಾರೆ. ಆವಾಗ ಅಳೋದು ಬ್ಯಾಡ."

"ನಾನು ಗಂಡನ ಮನೆಗೇ ಹೋಗಲ್ಲ."

"ಹೋಗ್ದೆ ಇಲ್ಲೇ ಕುಂತ್ರೆ ನಿಮ್ಮಪ್ಪ ಕಂಬಳಿ ಜತೆ ಮಡಚಿ ಇಡ್ತಾನೆ. ಉಣ್ಣು."

ಹೀಗಿರುವಾಗ ಊರಾಚೆಯ ಬಯಲಿಗೆ ಟೂರಿಂಗ್ ಟಾಕೀಸಿನ ಡೇರೆ ಬಂತು. ಡೇರೆಯ ನಡುವೆ ಪರದೆ. ಅದರ ಮುಂದೆಯೂ ಜನ ಕೂರುತ್ತಿದ್ದರು, ಹಿಂದೆಯೂ ಕೂರುತ್ತಿದ್ದರು. ಬಟ್ಟೆಯ ಪರದೆಯಾದ್ದರಿಂದ ಚಿತ್ರ ಎರಡೂ ಕಡೆ ಮೂಡುತ್ತಿತ್ತು. ಹಿಂದಿನ ಕಡೆ ಟಿಕೆಟ್ಟು ಅಗ್ಗ. ಗಂಡಸರ ಬೀಡಿ ಹೊಗೆ, ಸಿಳ್ಳೆಯ ಕಾಟವೂ ಇಲ್ಲ. ಹಾಗಾಗಿ ನಮ್ಮ ಮನೆಯ ಹೆಂಗಸರು ಕಂಬಳಿ ಹಾಸಿಕೊಂಡು ಹಿಂದೆಯೇ ಕೂರುವುದು ರೂಢಿ. ಅಲ್ಲಿಂದ ನೋಡಿದರೆ ಅಕ್ಷರಗಳು ತಿರುಗಾಮುರುಗಾ ಕಾಣುತ್ತಿದ್ದವು. ಅದು ನನಗೆ ಗೊತ್ತಿತ್ತು, ಓದಲಾಗದೆ ಸಿಟ್ಟೂ ಬರುತ್ತಿತ್ತು. ಆದರೆ ಅಕ್ಷರ ತಿರುಗಿದ ಮೇಲೆ ಮನುಷ್ಯರೂ ತಿರುಗಿರಬೇಕು ಎನ್ನುವುದು ಮಾತ್ರ ನನ್ನ ತಲೆಗೆ ಹೊಳೆಯಲಿಲ್ಲ. ಅಕ್ಷರ ಬರೆದದ್ದು, ತಪ್ಪಾಗಬಹುದು. ಮನುಷ್ಯರು ಮನುಷ್ಯರೇ ಅಲ್ಲವೇ? ಅಜ್ಜಿ ಅವ್ವ ಇಬ್ಬರಿಗೂ ಓದು ಬರುತ್ತಿರಲಿಲ್ಲ, ಅವರಿಗೆ ಆ ಅನುಮಾನವೂ ಇರಲಿಲ್ಲ.

ಪಿಕ್ಚರಿನ ನಿಜವಾದ ಹೆಸರು ನಮಗೆ ಮುಖ್ಯವಲ್ಲ. ಹೀರೋ ಗಿಟಾರು ಬಾರಿಸಿದರೆ ಅದು ಗಿಟಾರ್ ಪಿಕ್ಚರು, ಹೀರೋಯಿನ್ನು ಸೈಕಲ್ಲು ತುಳಿದರೆ ಸೈಕಲ್ ಪಿಕ್ಚರು. ನಾನು ಮೊದಲು ನೋಡಿದ್ದು ಗಿಟಾರ್ ಪಿಕ್ಚರು. ಬೆಲ್‌ಬಾಟಮ್ ಪ್ಯಾಂಟಿನ ಹುಡುಗ, ಎರಡು ಜಡೆಯ ಹುಡುಗಿ, ಇಬ್ಬರೂ ಒಂದೇ ಕಾಲೇಜು. ಆ ಹುಡುಗ ಪರೀಕ್ಷೆ ಬರೆಯಲು ಕೂತು ಪೆನ್ನು ತೆಗೆದ ನೋಡಿ, ನಾನು ಕಂಬಳಿಯಿಂದ ಅರ್ಧ ಎದ್ದೆ. ಅವನು ಎಡಗೈಯಲ್ಲಿ ಬರೆಯುತ್ತಿದ್ದ! ಹುಡುಗಿಯೂ ಎಡಗೈ. ಪಾಠ ಮಾಡುವ ಮೇಷ್ಟರೂ ಎಡಗೈ. ಹುಡುಗಿಯ ತಾಯಿ ಬಂದವರಿಗೆಲ್ಲ ಎಡಗೈಯಲ್ಲೇ ಬಡಿಸಿದಳು, ಯಾರೂ ತಟ್ಟೆ ಎತ್ತಿ ಒಗೆಯಲಿಲ್ಲ. ನಾನು ಅಜ್ಜಿಯ ತೋಳು ಹಿಡಿದು ಜಗ್ಗಿದೆ.

"ಅಜ್ಜಿ, ನೋಡು! ಎಲ್ರೂ ಎಡಚರೇ!"

"ನೋಡ್ತಾ ಇದೀನಿ ಸುಮ್ನಿರು. ಆ ಹೆಂಗಸಿನ ಸೆರಗು ನೋಡೆ, ಬಲದ ಹೆಗಲ ಮ್ಯಾಲೈತೆ. ಮಾರ್ವಾಡಿ ಮಂದಿ ಹಂಗೇ ಉಡೋದು. ಅವರಲ್ಲಿ ಎಡಗೈ ನಡೀತೈತೇನೋ."

"ಮಾರ್ವಾಡಿಗಳಾದ್ರೆ ಕನ್ನಡ ಹೆಂಗ್ ಮಾತಾಡ್ತಾರೆ ಅತ್ತೆ?" ಎಂದಳು ಅವ್ವ.

"ಅಂಗಡಿ ಇಟ್ಕಂಡು ಕಲ್ತಿರ್ತಾರೆ ಬಿಡೇ. ಓದಿದ ಮಂದಿ, ಏನ್ ಬೇಕಾದ್ರೂ ಕಲೀತಾರೆ."

ಮರುದಿನ ಊಟಕ್ಕೆ ಕೂತಾಗ ಅಜ್ಜಿ ದಾರ ತರಲಿಲ್ಲ. ನಾನು ಕಾದೆ, ಬರಲೇ ಇಲ್ಲ. ಮೆಲ್ಲಗೆ ಎಡಗೈ ಇಟ್ಟು ಮುದ್ದೆ ಮುರಿದೆ. ಅಜ್ಜಿ ನೋಡಿಯೂ ನೋಡದ ಹಾಗೆ ಶೇಂಗಾ ಚಟ್ನಿಗೆ ಎಣ್ಣೆ ಬಿಟ್ಟುಕೊಂಡಳು. ಆ ದಿನ ಎಲ್ಲರಿಗಿಂತ ಮೊದಲು ಉಂಡು ಎದ್ದವಳು ನಾನು. ಕೇರಿಯವರು ಕೇಳಿದರೆ ಅಜ್ಜಿಯ ಉತ್ತರ ತಯಾರಿತ್ತು: "ಕಾಲೇಜು ಮಂದೆಲ್ಲ ಈಗ ಎಡಗೈಲೇ ಬರಿಯೋದಂತೆ. ಮುಂದೆ ಓದೋ ಹುಡ್ಗಿ, ಇರ್ಲಿ ಬಿಡು."

ಕಾರ್ಡು ಹುಟ್ಟಿದ್ದು ಆ ಸಂತೋಷದಲ್ಲಿ. ಮುಚ್ಚಳ ಕತ್ತರಿಸಿ ಏಟು ತಿಂದ ಕಥೆ ಆಗಲೇ ಹೇಳಿದೆ. ಏಟು ಕೊಟ್ಟ ಮೇಲೆ ಅವ್ವ ಡಬ್ಬಿಯ ತಳವನ್ನೂ ಕೊಟ್ಟಳು. ಮುಚ್ಚಳವಿಲ್ಲದ ಡಬ್ಬಿ ಅವಳಿಗೆ ಯಾಕೆ? ಒಂದೊಂದು ಕಾರ್ಡಿಗೂ ನಾನು ಪಡುತ್ತಿದ್ದ ಪಾಡು ಅಷ್ಟಿಷ್ಟಲ್ಲ. ಮೊದಲು ಸೀಸದಕಡ್ಡಿಯಲ್ಲಿ ಪ್ಯಾಂಟು. ಬೆಲ್‌ಬಾಟಮ್ ಸರಿ ಬಂದರೆ ಅರ್ಧ ಹೀರೋ ಬಂದ ಹಾಗೆ. ಆಮೇಲೆ ಕೂದಲು. ಮುಖ ಕೊನೆಗೆ, ಯಾಕೆಂದರೆ ಮುಖ ಕೆಟ್ಟರೆ ಕೂದಲು ಇಳಿಬಿಟ್ಟು ಮುಚ್ಚಬಹುದು. ಅರಿಸಿನದಲ್ಲಿ ಅಂಗಿ, ಬಟ್ಟೆಗೆ ಹಾಕುವ ನೀಲಿಯಲ್ಲಿ ಪ್ಯಾಂಟು, ಕುಂಕುಮದಲ್ಲಿ ಹುಡುಗಿಯ ರವಿಕೆ, ಬಾಂಡ್ಲಿಯ ಮಸಿಯಲ್ಲಿ ಕಣ್ಣು. ಡೇರೆಯವರು ಜಟಕಾದಿಂದ ಎಸೆಯುವ ಗುಲಾಬಿ ಬಣ್ಣದ ತೆಳ್ಳನೆಯ ಹ್ಯಾಂಡ್‌ಬಿಲ್ಲನ್ನು ಸೀಳಿ ಸುತ್ತಲೂ ಅಂಚು ಕಟ್ಟುತ್ತಿದ್ದೆ. ಕಂಬಳಿಗೆ ಅಂಚು ಬೇಕು, ಕಾರ್ಡಿಗೆ ಬೇಡವೇ? ಹಿಂದೆ ಗುಣ: "ಹಾಡುತ್ತಾನೆ. ಹೊಡೆಯುತ್ತಾನೆ. ತಾಯಿ ಮುಂದೆ ಅಳುತ್ತಾನೆ." ಹುಡುಗಿಯದಕ್ಕೆ: "ಫಸ್ಟ್ ಕ್ಲಾಸು. ಸಿಟ್ಟು ಜಾಸ್ತಿ." ಎಲ್ಲರ ಎಡಗೈಯಲ್ಲೂ ಏನಾದರೊಂದು ಇಡುತ್ತಿದ್ದೆ: ಪೆನ್ನು, ಹೂವು, ಸೌಟು, ಚಾಕು. ಒಣಗಿದ ಮೇಲೆ ಕಂಬಳಿ ಗಂಟಿನ ಕೆಳಗೆ ಇಟ್ಟು ಒತ್ತಿದರೆ ಕಾರ್ಡು ತಗಡಿನ ಹಾಗೆ ನೆಟ್ಟಗಾಗುತ್ತಿತ್ತು. ಹೀರೋಯಿನ್ನಿನ ಕಾರ್ಡಿಗೆ ಬೆಲೆ ಒಂದು ಬೊಗಸೆ ಹುರಿದ ಶೇಂಗಾ. ಖಳನಿಗೆ ಅದಕ್ಕಿಂತ ಜಾಸ್ತಿ, ಯಾಕೆಂದರೆ ಗಂಡುಹುಡುಗರೆಲ್ಲ ಖಳನನ್ನೇ ಕೇಳುತ್ತಿದ್ದರು. ಬೇಡಿಕೆ ಇದ್ದ ಕಡೆ ಬೆಲೆ ಏರಿಸಬೇಕು ಎಂದು ನನಗೆ ಯಾರೂ ಹೇಳಿಕೊಡಲಿಲ್ಲ.

ಕೇರಿಯಲ್ಲಿ ಕಾರ್ಡು ಮಾಡುತ್ತಿದ್ದ ಇನ್ನೊಬ್ಬಳು ನಸೀಮಾ. ಪಕ್ಕದ ಮನೆಯವಳು, ಅವಳಮ್ಮ ರವಿಕೆ ಹೊಲಿಯುತ್ತಿದ್ದರು. ಅವಳ ಮಾಮ ಡೇರೆಯ ಬಾಗಿಲಲ್ಲಿ ಟಿಕೆಟ್ಟು ಹರಿಯುತ್ತಿದ್ದರಿಂದ ಅವರ ಮನೆಯವರು ಬಿಟ್ಟಿಯಾಗಿ ಪರದೆಯ ಮುಂದೆ ಕೂರುತ್ತಿದ್ದರು. ಒಂದು ದಿನ ನಮ್ಮ ಜಗಲಿಯ ಮೇಲೆ ಇಬ್ಬರೂ ಕಾರ್ಡು ಹರಡಿಕೊಂಡು ಕೂತೆವು. ಒಂದೇ ಪಿಕ್ಚರು, ಒಂದೇ ಹುಡುಗ, ಒಂದೇ ಗಿಟಾರು. ನನ್ನ ಕಾರ್ಡಿನಲ್ಲಿ ಅದರ ಕತ್ತು ಒಂದು ಕಡೆ, ಅವಳದರಲ್ಲಿ ಇನ್ನೊಂದು ಕಡೆ.

"ಅರೇ, ನಿಂದು ಉಲ್ಟಾ ಬರ್ದಿದೀಯಲೇ ಗಿರಿಜಿ."

"ನಿಂದೇ ಉಲ್ಟಾ. ಅವನು ಎಡಚ, ಗೊತ್ತಿಲ್ವಾ? ಪರೀಕ್ಷೆನೂ ಎಡಗೈಲೇ ಬರ್ದ."

"ಯಾರ್ ಹೇಳಿದ್ದು? ಬಲಗೈಲಿ ಬರ್ದ. ನಾನು ಮುಂದೆ ಕುಂತು ನೋಡೀನಿ."

"ನಾನೂ ನೋಡೀನಿ. ಅಜ್ಜೀನೂ ನೋಡೈತೆ."

ನಸೀಮಾ ಎರಡೂ ಕಾರ್ಡನ್ನು ಅಕ್ಕಪಕ್ಕ ಇಟ್ಟು ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗಲು ಶುರುಮಾಡಿದಳು.

"ಯಾ ಅಲ್ಲಾ! ನೀವು ಪರದೆ ಹಿಂದೆ ಕುಂತ್ಕಳದು! ಹಿಂದಿಂದ ನೋಡಿದ್ರೆ ಬಲಗೈ ಎಡಗೈ ಆಗ್ತೈತೆ ಕಣೇ! ಅಕ್ಷರ ಉಲ್ಟಾ ಕಾಣಲ್ವಾ? ಹಂಗೇ!"

ನನಗೆ ಆ ಕ್ಷಣ ಅರ್ಥವಾಯಿತು. ಆದರೆ ನಾನು ನೋಡಿದ್ದು ನಸೀಮಾಳನ್ನಲ್ಲ, ಅಜ್ಜಿಯನ್ನು. ರಾಟೆ ನಿಂತಿತ್ತು.

"ಹಂಗಾದ್ರೆ ಆ ಹೆಂಗಸಿನ ಸೆರಗು?" ಎಂದು ಅಜ್ಜಿ ಕೇಳಿದಳು.

"ಅದೂ ಉಲ್ಟಾನೇ ಅಜ್ಜಿ. ನಮ್ ಹಂಗೇ ಎಡಕ್ಕೆ ಹಾಕ್ಕಂಡಿದ್ರು."

"ಮಾರ್ವಾಡಿಗಳಲ್ವಾ ಅವ್ರು?"

"ಮಾರ್ವಾಡಿಗಳಾ?" ನಸೀಮಾ ಮತ್ತೆ ನಗೆಯಲ್ಲಿ ಬಿದ್ದುಹೋದಳು.

ಕಾಲೇಜು ಮಂದಿಯೆಲ್ಲ ಎಡಗೈಯವರು ಎಂದು ಅಜ್ಜಿ ಕೇರಿಗೆಲ್ಲ ಹೇಳಿಯಾಗಿತ್ತು. ಅವಳ ಮುಖ ಕಂಬಳಿಯ ಹಾಗೆ ಕಪ್ಪಿಟ್ಟಿತು. ನಾನು ನಸೀಮಾಳ ಬಾಯಿ ಮುಚ್ಚಿಸಬೇಕಿತ್ತು, ಮುಚ್ಚಿಸಲು ಹೊತ್ತು ಮೀರಿತ್ತು. ಆ ದಿನ ಮಧ್ಯಾಹ್ನವೇ ದಾರ ಹೊರಗೆ ಬಂತು. ಅಜ್ಜಿ ಬೈಯಲಿಲ್ಲ; ಬೈದಿದ್ದರೆ ಚೆನ್ನಾಗಿತ್ತು. ಅರಿವೆ ಚೂರು ಸುತ್ತಿ, ಗಂಟು ಹಾಕಿ, ತಟ್ಟೆ ಮುಂದಿಟ್ಟಳು. ನಾನು ಉಣ್ಣಲಿಲ್ಲ. ಹಟವಲ್ಲ ಅದು. ಎಡಗೈ ರುಚಿ ಕಂಡಿತ್ತು, ಬಲಗೈ ಮರೆತಿತ್ತು, ತುತ್ತು ಬಾಯಿವರೆಗೂ ಬರುತ್ತಿರಲಿಲ್ಲ. ದಾರ ಈ ಸಲ ಊಟಕ್ಕಷ್ಟೇ ನಿಲ್ಲಲಿಲ್ಲ. ಬರೆಯಲು ಕೂತರೂ ಕಟ್ಟಿದಳು. ಬಲಗೈಯಲ್ಲಿ ನಾನು ಬರೆದ ಹೀರೋನನ್ನು ಒಂದು ಶೇಂಗಾ ಸಿಪ್ಪೆಗೂ ಯಾರೂ ಕೊಳ್ಳುತ್ತಿರಲಿಲ್ಲ. ಇನ್ನು ಮೇಲೆ ಕಾರ್ಡೇ ಇಲ್ಲ ಎಂದು ನಾನು ಕಂಬಳಿ ರಾಶಿಯ ಹಿಂದೆ ಹೋಗಿ ಕೂತೆ.

ಹೊಳಲ್ಕೆರೆಯ ಕಡೆ ಹೋಗಿದ್ದ ಅಪ್ಪ ಮರುದಿನ ಬಂದ. ಕೈಕಾಲು ತೊಳೆದು ಕೂತವನಿಗೆ ಅವ್ವ ನೀರು ಕೊಡುವಾಗಲೇ ಹೇಳಿದಳು.

"ಹುಡ್ಗಿ ನಿನ್ನೆಯಿಂದ ಸರಿಯಾಗಿ ಉಂಡಿಲ್ಲ. ಅತ್ತೇನೂ ಉಂಡಿಲ್ಲ. ಇಬ್ರಿಗೂ ನೀವೇ ಏನಾರ ಹೇಳ್ರಿ."

ಅಪ್ಪ ನನ್ನನ್ನು ಕರೆದು ಕಾರ್ಡು ತರಿಸಿದ. ಒಂದೊಂದನ್ನೇ ಕಂಬಳಿ ನೋಡುವ ಹಾಗೆ ನೋಡಿದ: ಅಂಚು ಸವರಿ, ಬೆರಳಲ್ಲಿ ತಟ್ಟಿ, ಬೆಳಕಿಗೆ ಹಿಡಿದು. ಆಮೇಲೆ ಒಂದು ಖಾಲಿ ರಟ್ಟು ಕೊಟ್ಟು, "ಇದೇ ಹುಡುಗನ್ನ ಬಲಗೈಲಿ ಬರಿ, ನೋಡಾಣ" ಎಂದ. ಬರೆದೆ. ಹೀರೋ ಹೋಗಿ ಹೊಲದ ಬೆರ್ಚಪ್ಪ ಬಂತು. ಅವ್ವ ಸೆರಗು ಬಾಯಿಗಿಟ್ಟುಕೊಂಡಳು. ಅಜ್ಜಿ ನಗಬಾರದೆಂದು ತಡೆದು, ತಡೆಯಲಾರದೆ ನಕ್ಕಳು.

"ಇವನಿಗೆ ಯಾವ ಕಾಲೇಜಿನಾಗೆ ಸೀಟು ಕೊಡ್ತಾರಲೇ!"

"ಯವ್ವಾ," ಅಪ್ಪ ಅಜ್ಜಿಯ ಕಡೆ ತಿರುಗಿದ, "ಇದು ವ್ಯಾಪಾರ. ಕುಂತು ಬಗೆಹರಿಸ್ಕಳ್ರಿ." ಹೆಗಲ ಮೇಲಿನ ಟವೆಲ್ಲು ತೆಗೆದು ನಮ್ಮಿಬ್ಬರ ನಡುವೆ ಹಾಸಿದ.

ಕುರಿ, ಕಂಬಳಿ, ದನದ ಸಂತೆ ಕಂಡವರಿಗೆ ಇದು ಗೊತ್ತು. ಅಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೊಳ್ಳುವವನೂ ಮಾರುವವನೂ ಒಂದು ಟವೆಲ್ಲಿನ ಕೆಳಗೆ ಕೈ ಸೇರಿಸಿ, ಬೆರಳು ಹಿಡಿದು, ಬಿಟ್ಟು, ಮತ್ತೆ ಹಿಡಿದು ಕುದುರಿಸುತ್ತಾರೆ. ಸುತ್ತ ನಿಂತವರಿಗೆ ಮುಖ ಮಾತ್ರ ಕಾಣುತ್ತದೆ. ಅಪ್ಪ ಇನ್ನೂ ಕಟ್ಟಿಯೇ ಇದ್ದ ನನ್ನ ದಾರ ಬಿಚ್ಚಿ ಎಡಗೈಯನ್ನು ಟವೆಲ್ಲಿನ ಕೆಳಗೆ ಇಡಿಸಿದ.

"ಹೆಬ್ಬೆಟ್ಟು ಊಟ. ತೋರುಬೆರಳು ಬಡಿಸೋದು. ನಡುಬೆರಳು ಮಂದಿಗೆ ಕೊಡೋದು, ಮಂದಿಯಿಂದ ತಗಳದು. ಉಂಗುರಬೆರಳು ಬರಿಯೋದು. ಕಿರುಬೆರಳು ಕತ್ತರಿ, ಸೂಜಿ. ಯವ್ವಾ, ನೀನು ಹಿಡ್ಕಂಡ ಬೆರಳಿನ ಕೆಲಸ ಬಲಗೈಗೆ. ಬಿಟ್ಟ ಬೆರಳು ಹುಡ್ಗೀದು. ಬಾಯಿ ಬಿಡಂಗಿಲ್ಲ."

ಅಜ್ಜಿಯ ಕೈ ಟವೆಲ್ಲಿನ ಕೆಳಗೆ ಬಂತು. ಬಂದದ್ದೇ ಐದೂ ಬೆರಳನ್ನು ಒಟ್ಟಿಗೆ ಹಿಡಿಯಿತು. ಉಣ್ಣೆ ನೂತು ನೂತು ಒರಟಾದ, ಆದರೆ ಕುರಿಯ ಜಿಡ್ಡಿಗೆ ಒಳಗೊಳಗೆ ಮೆತ್ತಗಾದ ಕೈ. ಕಟ್ಟುವುದಕ್ಕಲ್ಲದೆ ಅವಳು ನನ್ನ ಎಡಗೈಯನ್ನು ಹಿಡಿದದ್ದು ಅದೇ ಮೊದಲು. ನಾನು ಕಿರುಬೆರಳು ಜಗ್ಗಿದೆ. ಸ್ವಲ್ಪ ಸತಾಯಿಸಿ ಬಿಟ್ಟಳು. ಉಂಗುರಬೆರಳು ಜಗ್ಗಿದೆ, ಬಿಡಲಿಲ್ಲ. ಮುಖ ನೋಡಿದೆ, ಗೋಡೆ ನೋಡುತ್ತಿದ್ದಳು. ಇನ್ನೊಮ್ಮೆ ಜಗ್ಗಿದೆ. ಅವಳ ಹಿಡಿತ ಸಡಿಲವಾಯಿತು, ಬೆರಳು ಹೊರಗೆ ಬಂತು. ಧೈರ್ಯ ಬಂದು ನಡುಬೆರಳನ್ನೂ ಜಗ್ಗಿದೆ. ಅಲ್ಲಿ ಮಾತ್ರ ಅಜ್ಜಿ ಗಟ್ಟಿಯಾಗಿ ಅಮುಕಿದಳು, ಕಣ್ಣಲ್ಲಿ ನೀರು ಬರುವಷ್ಟು. ಜಗ್ಗುವುದನ್ನು ನಿಲ್ಲಿಸಿದೆ. ಊಟ, ಬಡಿಸುವುದು, ಮಂದಿಯ ಜತೆ ಕೊಟ್ಟು ತಗೊಳ್ಳುವುದು ಬಲಗೈಗೆ. ಬರಹ, ಕತ್ತರಿ, ಸೂಜಿ ಎಡಗೈಗೆ. ವ್ಯವಹಾರ ಮುಗಿದ ಮೇಲೂ ಅಜ್ಜಿ ಕೂಡಲೇ ಕೈ ತೆಗೆಯಲಿಲ್ಲ.

"ಆತಾ?" ಎಂದ ಅಪ್ಪ.

"ಆತು ತಗಳಪ್ಪ. ನಿನ್ ಮಗಳು ಕಳ್ಳಿ, ಎರಡು ಬೆರಳು ಹೊಡ್ಕಂಡ್ಳು."

ಸಂತೆಯಲ್ಲಿ ಯಾರೂ ಅಷ್ಟು ಬೇಗ ಬೆರಳು ಬಿಡುವುದಿಲ್ಲ. ಇದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ, ಹೊಸದುರ್ಗದಲ್ಲಿ ಬಟ್ಟೆ ಅಂಗಡಿ ಇಟ್ಟು ನಾನೇ ಸಗಟು ವ್ಯಾಪಾರಿಗಳ ಜತೆ ಗುದ್ದಾಡಿದಾಗ. ಆ ದಿನ ನಾನೇ ಗೆದ್ದೆ ಎಂದು ಬೀಗಿಕೊಂಡು ಬಲಗೈಯಲ್ಲಿ ಉಂಡೆ, ಸಾರು ಮೊಣಕೈಗೆ ಇಳಿಸಿಕೊಂಡೇ ಉಂಡೆ. ಒಪ್ಪಿಕೊಂಡದ್ದಕ್ಕೂ ಕಟ್ಟಿಸಿಕೊಂಡದ್ದಕ್ಕೂ ಇರುವ ವ್ಯತ್ಯಾಸ ಎಂಥದ್ದು ಎಂದರೆ, ಅದೇ ಬಲಗೈ ಸ್ವಲ್ಪ ದಿನದಲ್ಲೇ ಮುದ್ದೆ ಮುರಿಯುವುದನ್ನು ಕಲಿಯಿತು. ನಸೀಮಾಳ ಜತೆಗೂ ರಾಜಿಯಾಯಿತು. ಅವಳದು ಮುಂದಿನ ಹೀರೋ, ನನ್ನದು ಹಿಂದಿನ ಹೀರೋ, ಎರಡೂ ಜೋಡಿಯಾಗಿ ಮಾತ್ರ ಕೊಡುವುದು ಎಂದು ಗೊತ್ತುಮಾಡಿದೆವು. ಎಡಗೈ ಹೀರೋ ಸಿಗುವುದು ನನ್ನ ಹತ್ತಿರ ಮಾತ್ರ, ಹಾಗಾಗಿ ಅವನಿಗೆ ಶೇಂಗಾ ಜಾಸ್ತಿ. ನಸೀಮಾ ಇದಕ್ಕೆ ಒಪ್ಪಲು ಒಂದು ಇಡೀ ಸಂಜೆ ಹಿಡಿಯಿತು, ಅದು ಬೇರೆ ಮಾತು. ಇವತ್ತಿಗೂ ನಾನು ಗಿರಾಕಿಗೆ ಚಿಲ್ಲರೆ ಕೊಡುವುದು ಬಲಗೈಯಲ್ಲಿ, ಬಟ್ಟೆ ಕತ್ತರಿಸುವುದು ಎಡಗೈಯಲ್ಲಿ.

ನಿಮ್ಮ ಮನೆಯ ಮಕ್ಕಳೂ ಇಂಥದ್ದೇನಾದರೂ ಮಾಡಲು ಕೂತರೆ ನಾಲ್ಕು ಮಾತು ಕೇಳಿ. ರಟ್ಟು ಕೇಳಿದರೆ ಏನು ಬೇಕೋ ಕೊಟ್ಟುಬಿಡಿ, ಬೀರುವಿನಲ್ಲಿ ಖಾಲಿ ಡಬ್ಬಿ ಕೂಡಿಟ್ಟು ಯಾರೂ ಉದ್ಧಾರವಾಗಿಲ್ಲ. ಹುಣಸೆಬೀಜದ ಸರಿ ತೆಳ್ಳಗೆ ಹಚ್ಚಿ, ಬಿಸಿಲಿಗೆ ಇಡಬೇಡಿ, ಸೊಟ್ಟಗಾಗುತ್ತದೆ. ನೆರಳಲ್ಲಿ ಭಾರ ಹೇರಿ ಒಣಗಿಸಿ. ಅರಿಸಿನಕ್ಕೆ ಸುಣ್ಣ ತಾಗದ ಹಾಗೆ ನೋಡಿಕೊಳ್ಳಿ, ಹಳದಿ ಅಂಗಿ ಕೆಂಪಾಗುತ್ತದೆ. ಮಗು ಎಡಚಿಯಾದರೆ ನಿಮ್ಮ ಕತ್ತರಿಯನ್ನು ಅದರ ಕೈಗೆ ಕೊಟ್ಟು "ಸೊಟ್ಟ ಕತ್ತರಿಸ್ತೀಯ" ಎಂದು ಬೈಯಬೇಡಿ. ಆ ಕತ್ತರಿ ಬಲಗೈಯವರಿಗೆಂದು ಮಾಡಿದ್ದು, ಎಡಗೈಯಲ್ಲಿ ಹಿಡಿದರೆ ಗೆರೆಯೇ ಕಾಣುವುದಿಲ್ಲ. ಎಡಗೈಯ ಕತ್ತರಿ ಈಗ ಸಿಗುತ್ತದೆ, ಕೇಳಿ ತನ್ನಿ. ಮೊದಲ ಬೆಲೆಗೆ ಒಪ್ಪಬೇಡಿ. ಮನೆಮಂದಿಯೆಲ್ಲ ಸಾಲಾಗಿ ಊಟಕ್ಕೆ ಕೂತಾಗ ಅದನ್ನು ಸಾಲಿನ ಎಡತುದಿಗೆ ಕೂರಿಸಿ, ಅಲ್ಲಿ ಅದರ ಮೊಣಕೈ ಯಾರಿಗೂ ತಗುಲುವುದಿಲ್ಲ. ಕೂರಿಸಿ, ಬಿಸಿಯಾಗಿ ಬಡಿಸಿ, ಆಮೇಲೆ ಅದರ ಕೈಯನ್ನೇ ನೋಡುತ್ತಾ ಕೂರದೆ ನಿಮ್ಮ ಊಟ ನೀವು ಮಾಡಿ.